ಕೂರ್ ಪಟ್ಟಣದಲ್ಲಿ ಸಿಕ್ಕ ಗಂಡ

"ಮಿಸೆಸ್ ಡಿಸೋಜ, ನಿಮ್ಮ ಗಂಡ ಆಗಲೇ ರೂಮಿಗೆ ಹೋದರು!"

ಹೋಟೆಲಿನ ಹುಡುಗಿ ನಗುತ್ತಾ ಕೀಲಿ ಚಾಚಿದಾಗ ಫ್ಲೆನ್ಸಿಯ ಎದೆ ಧಸಕ್ಕೆಂದಿತು.

ಗಂಡ...? ನನಗೆ ಮದುವೆಯೇ ಆಗಿಲ್ಲವಲ್ಲ!

ಬಹರೇನಿನ ಸೀಫ್‌ನಲ್ಲಿ, ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಅವಳದು. ಮೇ ತಿಂಗಳ ಕೊನೆಗೆ, ಇಪ್ಪತ್ತು ಜನರ ಟೂರಿನಲ್ಲಿ ಸ್ವಿಟ್ಜರ್ಲೆಂಡಿನ ಕೂರ್ ಎಂಬ ಪುಟ್ಟ ಹಳೇ ಪಟ್ಟಣ ನೋಡಲು ಬಂದಿದ್ದಳು.

ಬಾಗಿಲು ತೆರೆದರೆ, ಬಾಯಿ ತುಂಬ ಪೇಸ್ಟಿನ ನೊರೆ ತುಂಬಿಕೊಂಡ ಒಬ್ಬ ಗಂಡಸು!

ಇಬ್ಬರೂ ಒಟ್ಟಿಗೆ ಕಿರುಚಿದರು.

"ಜೋಯೆಲ್ ಡಿಸೋಜ... ಬಹರೇನಿನ ಉಮ್ ಅಲ್ ಹಸ್ಸಮ್‌ನವ... ಎಸಿ ಟೆಕ್ನಿಷಿಯನ್!" ಪೊಲೀಸರೆದುರು ನಿಂತವನಂತೆ ಅವನು ಒದರಿದ.

ಇಬ್ಬರೂ ಡಿಸೋಜ ಎಂದು ಕಂಡದ್ದೇ ತಡ, ಟೂರಿನ ಏಜೆಂಟ್ ಅವರನ್ನು ಜೋಡಿ ಮಾಡಿಬಿಟ್ಟಿದ್ದ! ಖಾಲಿ ಇದ್ದದ್ದು ಅಟ್ಟದ ಕೋಣೆಯೊಂದೇ. ಜೋಯೆಲ್ ಪೆಟ್ಟಿಗೆ ಎತ್ತಿಕೊಂಡು ಅಲ್ಲಿಗೆ ಹೋದ. ಮರುದಿನ ಬೆಳಿಗ್ಗೆ ಅಟ್ಟದ ತಗ್ಗು ಛಾವಣಿಗೆ ಹಣೆ ಬಡಿದು, ನಿಂಬೆಹಣ್ಣಿನಷ್ಟು ದೊಡ್ಡ ಬುಗುಟಿನೊಂದಿಗೆ ಇಳಿದು ಬಂದ.

ಅದನ್ನು ನೋಡಿದ್ದು ಮೈಮೂನ ಆಂಟಿ. ಬಹರೇನಿನದೇ ಬುದಯ್ಯದಿಂದ ಅದೇ ಟೂರಿಗೆ ಬಂದ ಹಿರಿಯ ಹೆಂಗಸು; ಹುಡುಗಿಯರೆಲ್ಲ ಅವರಿಗೆ 'ಮೋಳೇ', ಅಂದರೆ ಮಗಳೇ.

"ಎಂತ ಮೋಳೇ, ಸಿಟ್ಟು ಬಂತೂಂತ ಗಂಡನಿಗೆ ಹೀಗೆ ಹೊಡಿಯುವುದಾ?"

"ಅಯ್ಯೋ ಆಂಟಿ, ಇವರು ನನ್ನ ಗಂಡ ಅಲ್ಲ!"

"ಸಿಟ್ಟಲ್ಲಿ ನಾನೂ ಹಾಗೇ ಹೇಳ್ತಿದ್ದೆ!"

ಪಕ್ಕದಲ್ಲಿ ಜೋಯೆಲ್ ನಗು ತಡೆಯಲಾಗದೆ ಕೆಮ್ಮಿದ.

ಕಲ್ಲು ಹಾಸಿದ ಓಣಿಗಳಲ್ಲಿ ಮಧ್ಯಾಹ್ನದವರೆಗೆ ಅಲೆದಾಟ. "ಊರಿನ ಹೆಸರೇ ಕೂರ್, ಇವರು ಕೂರ್ಲಿಕ್ಕೇ ಬಿಡುವುದಿಲ್ಲ!" ಎಂದು ಗೊಣಗುತ್ತಾ ಮೈಮೂನ ಆಂಟಿ ಒಂದು ಬೆಂಚು ಹಿಡಿದರು. 'ಗಂಡಹೆಂಡಿರ'ನ್ನೂ ಅಲ್ಲೇ ಕೂರಿಸಿ, ಇಬ್ಬರಿಗೂ ಸೇರಿ ಒಂದೇ ಒಂದು ಅಕ್ರೋಟಿನ ಕೇಕು ಕೊಟ್ಟರು. ಕಿಟಕಿಗಳಲ್ಲಿ ಹೂವು, ದೂರದ ಬೆಟ್ಟದ ತಲೆಯಲ್ಲಿ ಇನ್ನೂ ಕರಗದ ಹಿಮ... ಜೋಯೆಲ್ ದೊಡ್ಡ ತುಂಡನ್ನು ಮೆಲ್ಲಗೆ ಅವಳತ್ತ ಸರಿಸಿದ.

ಮೂರನೇ ದಿನಕ್ಕೆ ಫ್ಲೆನ್ಸಿ 'ಗಂಡ ಅಲ್ಲ' ಎನ್ನುವುದನ್ನೇ ಬಿಟ್ಟಿದ್ದಳು!

ಹೊರಡುವ ದಿನ ಇಗರ್ಜಿಯ ಮೆಟ್ಟಿಲ ಬಳಿ ಅವನ ಮಾತು ಕಿವಿಗೆ ಬಿತ್ತು.

"ಫ್ಲೆನ್ಸಿ ನನ್ನ ಹೆಂಡತಿ ಅಲ್ಲ ಆಂಟಿ. ಇನ್ನು ಆಗುವುದೂ ಇಲ್ಲ."

ಅವಳ ಕಣ್ಣು ತುಂಬಿತು. ವಿಮಾನದಲ್ಲಿ ಅವನತ್ತ ತಿರುಗಿಯೂ ನೋಡಲಿಲ್ಲ.

ಹತ್ತು ದಿನ ಕಳೆದಿರಬಹುದು. ಸೀಫ್‌ನ ಅಂಗಡಿಗೆ ಮೈಮೂನ ಆಂಟಿ ನುಗ್ಗಿದರು. ಹಿಂದೆ, ಅವರು ತೋಳು ಹಿಡಿದು ಎಳೆದು ತಂದ ಜೋಯೆಲ್!

"ಇವನ ಕಣ್ಣು ನೋಡು ಮೋಳೇ. ಎದುರಿಗಿದ್ದದ್ದು ಕಾಣುವುದಿಲ್ಲ ಇವನಿಗೆ!" ಎಂದವರು, ಫ್ರೇಮು ನೋಡುವ ನೆಪದಲ್ಲಿ ಆಚೆ ಸರಿದರು.

ಫ್ಲೆನ್ಸಿ ಕೈಯಲ್ಲಿದ್ದ ಕನ್ನಡಕ ಕೆಳಗಿಟ್ಟಳು. "ಆಗುವುದೇ ಇಲ್ಲ ಅಂದವರು ಯಾಕೆ ಬಂದ್ರಿ?"

"ಮನೆಯವರು ಡಾಕ್ಟರ್ ಹುಡುಗನನ್ನು ನೋಡಿದ್ದಾರೆ ಅಂತ ಆವತ್ತು ಬೆಂಚಿನಲ್ಲಿ ಕೂತಾಗ ನೀವೇ ಹೇಳಿದ್ದಲ್ವಾ? ನಾನು ಎಸಿ ರಿಪೇರಿಯವ..."

"ನೋಡಿದ್ದಾರೆ ಅಂದೆ. ನಾನು ಒಪ್ಪಿದ್ದೇನೆ ಅಂದೆನಾ, ಮಾರಾಯ್ರೇ?"

ಜೋಯೆಲ್ ಒಂದು ಹೆಜ್ಜೆ ಮುಂದೆ ಬಂದ.

"ಹಾಗಾದ್ರೆ... ನನ್ನನ್ನು ಒಪ್ತೀರಾ ಫ್ಲೆನ್ಸಿ? ನಿಮ್ಮನ್ನು ನೋಡದೆ ಈ ಹತ್ತು ದಿನ ನನಗೆ ಒಂದು ಕೆಲಸವೂ ನೆಟ್ಟಗೆ ಆಗಲಿಲ್ಲ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಅಮ್ಮನಿಗೆ ಈಗಲೇ ಫೋನ್ ಮಾಡ್ತೇನೆ. ಬೈದರೂ ಬೈಯಬಹುದು. ನೀವು ಇಲ್ಲೇ ಇರ್ತೀರಲ್ವಾ?"

"ಎಷ್ಟು ಬೈದರೂ ಸರಿ," ಎಂದ ಜೋಯೆಲ್, ಅವಳ ಕೈ ಹಿಡಿದು. "ಸ್ಪೀಕರಿಗೆ ಹಾಕಿ. ಇಬ್ಬರೂ ಕೇಳುವ."