ಕುರುಡು ಕಿಟಕಿಯ ಮನೆ

ಎಸ್ಟೇಟಿನ ಯಜಮಾನಿಯ ಅಳಿಯ ಹೆಬ್ಬಾಗಿಲಲ್ಲಿ ನಿಂತು, ಹಲ್ಲುಕಡ್ಡಿ ಉಗುಳಿ ಹೇಳಿದ: "ಈ ಗೂಡಿಗೆ ಇತಿಹಾಸ ಬೇರೆ ಕೇಡು. ಲಾರಿ ತಿರುಗೋಕೆ ಜಾಗ ಇಲ್ಲ, ಮುಂದಿನ ವಾರ ಕೆಡವಿಸ್ತೀನಿ. ನಿನಗೆ ಹಿತ್ತಲಲ್ಲಿ ತಗಡಿನ ಶೆಡ್ಡು ಸಾಕಲ್ವೇನೋ?"

"ಧಾರಾಳವಾಯ್ತು ಬುದ್ಧಿ" ಎಂದ ಕಾವಲುಗಾರ. ತಾತ ಗಾರೆ ಮೆತ್ತಿದ ಗೋಡೆಗಳವು. ಹೆಂಡತಿ ಕಣ್ಣು ಮುಚ್ಚಿದ್ದು ಅವುಗಳ ನಡುವೆ. ಆ ಗಳಿಗೆಯಲ್ಲೇ ಅವನು ಅಳಿಯನನ್ನು ಕೊಂದಾಗಿತ್ತು. ಉಳಿದದ್ದು ಕೈಕೆಲಸ.

ಹೆಬ್ಬಾಗಿಲಿನ ಎಡಬಲಕ್ಕೆ ಎಂಟು ಮೂಲೆಯ ಅವಳಿ ಮನೆಗಳು. ಎಡಗಡೆಯದರಲ್ಲಿ ಮೂರು ತಲೆಮಾರಿನಿಂದ ಕಾವಲುಗಾರರ ಒಲೆ ಉರಿದಿತ್ತು. ಬಲಗಡೆಯದು ಬರೀ ಸೋಗು. ಕಣ್ಣಿಗೆ ಸಮತೂಕ ಬೇಕೆಂದು ಮೊದಲ ಯಜಮಾನ ಕಟ್ಟಿಸಿದ ಟೊಳ್ಳು: ಬಾಗಿಲಿಲ್ಲ, ಕಿಟಕಿಯೆಂಬುದು ಗೋಡೆಯ ಮೇಲೆ ಬರೆದ ಬಣ್ಣ. ನಡುವಿನ ಕಮಾನಿನ ಒಳಮೈಯಲ್ಲಿ ಹಾದು, ದೂರದ ಬಂಗಲೆಯ ಅಡಿಗೆಮನೆಯವರೆಗೆ ಹೋದ ಗಂಟೆಯ ತಂತಿಯೂ ಆತನದೇ ಏರ್ಪಾಡು. ಮನೆಯವರು ಬಂದರೆ ಒಮ್ಮೆ, ಹೊರಗಿನವರಾದರೆ ಎರಡು ಸಲ ಕಾವಲುಗಾರನೇ ಎಳೆಯಬೇಕು. ಅಲ್ಲಿ ತಟ್ಟೆ ಸಿದ್ಧವಾಗುತ್ತದೆ. ಟೊಳ್ಳುಮನೆಯ ಬೆನ್ನಲ್ಲಿ ಆಳು ನುಸುಳುವಷ್ಟು ದೊಡ್ಡ ಕಲ್ಲೊಂದು ಸಡಿಲವೆಂಬುದು ಮಾತ್ರ ತಾತನಿಂದ ಬಂದ ಗುಟ್ಟು.

ಪ್ರತಿ ಬುಧವಾರ ಅಳಿಯ ರೈಲಿಳಿದು ಒಬ್ಬನೇ ನಡೆದು ಬರುತ್ತಾನೆ. ಅದು ಅವನ ಆರೋಗ್ಯದ ಹುಚ್ಚು. ದಾರಿ ನಿರ್ಜನ. ಅವನಿಲ್ಲವಾದರೆ ಕೆಡವುವವರೂ ಇಲ್ಲ, ಯಜಮಾನಿಗೆ ಈ ಜೋಡಿಮನೆಯೆಂದರೆ ಪ್ರಾಣ. ಆ ಬುಧವಾರ ಕಾವಲುಗಾರ ಸುಣ್ಣ ಕಲಸಿಟ್ಟು, ಕಲ್ಲು ಸರಿಸಿ, ಬಿಸಿಲು ಕಾಯುತ್ತಾ ಕುಳಿತ.

ಹನ್ನೊಂದಕ್ಕೆ ಅಳಿಯ ಬಂದ. ಮೂವತ್ತು ವರ್ಷಗಳ ರೂಢಿ. ಬಾಗಿಲು ತೆರೆಯುವಾಗ ಕೈಗೆ ತಲೆಯ ಹಂಗಿರಲಿಲ್ಲ. ಅಳಿಯ ಒಳಗಡಿಯಿಟ್ಟು ಬೆನ್ನು ತಿರುಗಿಸಿದ. ಅಗುಳಿಯ ಕಬ್ಬಿಣದ ಸರಳು ಕಿವಿಯ ಹಿಂದೆ ಬಿತ್ತು. ಅವನು ಮಂಡಿಯೂರಿ, ಏನನ್ನೋ ಕೇಳುವವನಂತೆ ಬಾಯಿ ತೆರೆದ. ಎರಡನೆಯ ಏಟು ಆ ಪ್ರಶ್ನೆಯನ್ನು ಹಲ್ಲುಗಳ ಸಮೇತ ಮುರಿಯಿತು. ಮೂರನೆಯದು ಬೇಕಿರಲಿಲ್ಲ, ಅದು ಹೆಂಡತಿಯ ಪಾಲು.

ಟೊಳ್ಳುಮನೆಗೆ ಕೊನೆಗೂ ಒಬ್ಬ ಒಕ್ಕಲು ಬಂದ. ಕಲ್ಲು ಕೂತಿತು, ಸುಣ್ಣ ಒಣಗಿತು, ರಕ್ತ ಮೆತ್ತಿದ ದಾರಿಯ ಜಲ್ಲಿ ಬಾವಿ ಸೇರಿತು. ಕಾವಲುಗಾರ ಸ್ನಾನ ಮಾಡಿ, ಹೊಟ್ಟೆ ತುಂಬ ಉಂಡ.

ಸಂಜೆ ಯಜಮಾನಿ ಫೋನು ಮಾಡಿ ಕರೆಸಿದ ಇನ್‌ಸ್ಪೆಕ್ಟರು ಕಮಾನಿನ ಕೆಳಗೆ ಪುಸ್ತಕ ಬಿಚ್ಚಿದರು.

"ಅಳಿಯಂದಿರು ಈ ಬಾಗಿಲಿಗೇ ಬರಲಿಲ್ಲ ಸಾರ್. ಬೆಳಗಿಂದ ಒಂದು ನರಪಿಳ್ಳೆ ಕಾಲಿಟ್ಟಿಲ್ಲ. ನಾನು ಇಲ್ಲಿಂದ ಕದಲಿದ್ದರೆ ಕೇಳಿ" ಎಂದ ಕಾವಲುಗಾರ.

ಇನ್‌ಸ್ಪೆಕ್ಟರು ಬರೆದುಕೊಂಡು, ಸಹಿ ಹಾಕಿಸಿಕೊಂಡರು. ಅಷ್ಟರಲ್ಲಿ ಯಜಮಾನಿ ಕೋಲೂರಿಕೊಂಡು ಬಂದಳು.

"ಬರಲಿಲ್ಲ ಅಂದ್ರೆ ಹೇಗಪ್ಪಾ? ಹನ್ನೊಂದಕ್ಕೆ ಅಡಿಗೆಮನೆ ಗಂಟೆ ಒಂದೇ ಸಲ ಬಡೀತು. ಅಳಿಯನೇ ಅಂತ ತಟ್ಟೆ ಹಾಕಿ ಕೂತೆ. ಅನ್ನ ಆರಿ ಕಲ್ಲಾಯ್ತು." ಇನ್‌ಸ್ಪೆಕ್ಟರ ಕಣ್ಣು ಕಮಾನಿನಿಂದ ಇಳಿಬಿದ್ದ ತಂತಿಯನ್ನು ಹಿಡಿದು ನಿಧಾನವಾಗಿ ಕೆಳಗಿಳಿಯಿತು. ಕಾವಲುಗಾರ ತನ್ನ ಬಲಗೈ ನೋಡಿಕೊಂಡ. ಎಷ್ಟು ಉಜ್ಜಿ ತೊಳೆದಿದ್ದ, ರಕ್ತ ಹೋಗಿತ್ತು. ಬೆರಳ ಮಡಿಕೆಯಲ್ಲಿ ತಂತಿಯ ತುಕ್ಕು ಹಾಗೇ ಇತ್ತು.