ಸೋರುವ ಲಾರಿ

ತಮ್ಮನ ಹೆಂಡತಿಗೆ ಎದೆನೋವು ಬಂದ ದಿನ ಅಣ್ಣ ಲಾರಿಯ ಕೀಲಿ ಕೊಡಲಿಲ್ಲ. "ರೇಡಿಯೇಟರ್ ನೀರು ಸೋರ್ತಿದೆ ಕಣೋ. ಬೀದಿ ಮೂಲೆ ದಾಟೋದ್ರೊಳಗೆ ಕುದಿಯುತ್ತೆ. ಎಂಜಿನ್ ಹೋದ್ರೆ ನಿಮ್ಮಪ್ಪ ಕೊಡಿಸ್ತಾನಾ?" ಎಂದ. ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದು ಸಿಟ್ಟಿನಲ್ಲಿ ಮರೆತುಹೋಗಿತ್ತು. ಬೇರೆ ಗಾಡಿ ಸಿಗುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ತಮ್ಮ ಮೆಕ್ಯಾನಿಕ್. ಊರವರ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನು ಆಮೇಲೆ ಮನೆಯ ಲಾರಿಯ ಕಡೆ ತಿರುಗಿ ನೋಡಲಿಲ್ಲ. ಅಳಲೂ ಇಲ್ಲ. ಕೂತು ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಅವನಿಗೆ ಮೈಯೆಲ್ಲ ಹಾಗಾಗಿತ್ತು. ಅಷ್ಟರಲ್ಲಿ ಅಣ್ಣ ಹೊಸ ಲಾರಿ ತಂದ. ಹಳೆಯದು ಶೆಡ್ಡು ಸೇರಿತು, ಅದರ ಕೀಲಿ ಕೇಳುವವರಿಲ್ಲದೆ ಗೋಡೆಯ ಮೊಳೆಯಲ್ಲಿ ನೇತಾಡತೊಡಗಿತು. ಬ್ಯಾಟರಿ ಸಾಯಬಾರದೆಂದು ಅಣ್ಣ ಆಗಾಗ ನೀರು ತುಂಬಿ ನಿಂತಲ್ಲೇ ಸ್ಟಾರ್ಟ್ ಮಾಡುತ್ತಿದ್ದ. ಸೋರಿದ್ದಕ್ಕೆ ಅತ್ತಿಗೆ ಅಡಿಯಲ್ಲೊಂದು ಬೋಗುಣಿ ಇಟ್ಟು ಬೆಳಿಗ್ಗೆ ಎದ್ದು ಚೆಲ್ಲುತ್ತಿದ್ದಳು. ಟಪ್, ಟಪ್ ಎನ್ನುವ ಸದ್ದು ತಮ್ಮನ ಕೋಣೆಯವರೆಗೂ ಬರುತ್ತಿತ್ತು. ಅದನ್ನು ಕೇಳುತ್ತ ಮಲಗಿದ್ದಾಗಲೇ ಉಪಾಯ ಹೊಳೆದದ್ದು.

ಭಾನುವಾರ ಅಣ್ಣ ಬೆಟ್ಟದ ಮೇಲಿನ ಕಲ್ಲುಕ್ವಾರಿಗೆ ಹೊಸ ಲಾರಿಯಲ್ಲಿ ಒಬ್ಬನೇ ಹೋಗುತ್ತಾನೆ. ಅಂಚಿನಲ್ಲಿ ಕೂತು ಸಿಗರೇಟು ಸೇದುತ್ತಾನೆ. ಆ ದಿನ ಬಸ್ಸಿಲ್ಲ, ಹಿಂದಿನ ಮಣ್ಣುದಾರಿಯಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಹಳೇ ಲಾರಿ ಮೂಲೆ ದಾಟುವುದಿಲ್ಲವೆಂದು ಊರಿಗೆಲ್ಲ ಅಣ್ಣನೇ ಡಂಗುರ ಸಾರಿದ್ದ. ಅಂದಮೇಲೆ ತಮ್ಮ ಬೆಟ್ಟ ಹತ್ತಿದನೆಂದು ಯಾರು ತಾನೇ ನಂಬುತ್ತಾರೆ?

ಆ ಭಾನುವಾರ ಅತ್ತಿಗೆ ಬೋಗುಣಿ ಚೆಲ್ಲಿ, ಸಂಜೆ ಬರುತ್ತೇನೆಂದು ಅಕ್ಕನ ಮನೆಗೆ ಹೋದಳು. ತಮ್ಮ ಲಾರಿಯಡಿ ನುಸುಳಿದ. ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಎಂಜಿನ್ ಓಡಿಸಿದ. ಪಂಪು ಒಣಗಿಯೇ ಇತ್ತು, ರೇಡಿಯೇಟರಿನ ಮೈಯೂ ಒಣಗಿತ್ತು. ಕೆಳಗಿನ ರಬ್ಬರ್ ಹೋಸಿನ ತುದಿಯಲ್ಲಿ ಮಾತ್ರ ಒಂದು ಹನಿ ಮೂಡಿ, ಯೋಚನೆ ಮಾಡಿದಂತೆ ನಿಂತು, ಬಿತ್ತು. ಹೋಸಿನ ತುದಿ ಬಿರುಕು ಬಿಟ್ಟಿತ್ತು, ಕ್ಲಿಪ್ ಸಡಿಲವಾಗಿತ್ತು. ಇಷ್ಟೇ. ಆವತ್ತು ಆಸ್ಪತ್ರೆಗೆ ಹೋಗಿಬರಲು ಜೊತೆಗೊಂದು ಕೊಡ ನೀರಿದ್ದರೆ ಧಾರಾಳವಾಗಿತ್ತು. ಇದು ತಿಳಿದಾಗಲಾದರೂ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಎಂಜಿನ್ ಬಿಸಿ ಆರಿದ ಮೇಲೆ ನೀರು ಇಳಿಸಿ, ಹೋಸಿನ ಬಿರುಕು ತುದಿ ಕತ್ತರಿಸಿ, ಹೊಸ ಕ್ಲಿಪ್ ಬಿಗಿದ. ತುಕ್ಕೆಲ್ಲ ಹೋಗುವಂತೆ ಒಳಗೆ ತೊಳೆದು, ನೀರಿನ ಬದಲು ಗ್ಯಾರೇಜಿನಿಂದ ತಂದಿದ್ದ ಕೂಲೆಂಟ್ ತುಂಬಿದ. ಹಿಡಿದ ಕೆಲಸವನ್ನು ಅರೆಬರೆ ಬಿಡುವ ಕೈ ಅವನದಲ್ಲ. ಓಡಿದ ದೂರ ದಾಖಲಾಗದಂತೆ ಮೀಟರಿನ ಕೇಬಲ್ ಕಳಚಿ ಹೊರಟ. ಏರಿನಲ್ಲೂ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇಳಲಿಲ್ಲ.

ಕ್ವಾರಿಯ ಅಂಚಿನಲ್ಲಿ ಕೂತಿದ್ದ ಅಣ್ಣ ಲಾರಿಯ ಸದ್ದಿಗೆ ತಿರುಗಿ ನೋಡಿ, "ಇದನ್ನ್ಯಾವಾಗ ಸರಿ ಮಾಡಿದ್ಯೋ?" ಎಂದ. ದನಿಯಲ್ಲಿ ಖುಷಿಯಿತ್ತು. ಅವನಾಡಿದ ಕೊನೆಯ ಮಾತು ಅದೇ.

ಮನೆಗೆ ಬಂದು ಟೈರಿನ ಮಣ್ಣು ತೊಳೆದ, ಕೇಬಲ್ ಸಿಕ್ಕಿಸಿದ, ಬಾನೆಟ್ ಎತ್ತಿ ಫ್ಯಾನ್ ಇಟ್ಟು ಎಂಜಿನ್ ಆರಿಸಿದ. ಹೊಸ ಕ್ಲಿಪ್ ತೆಗೆದು ಹಳೆಯದನ್ನೇ ಹಾಕಿ, ಸಡಿಲ ಮಾಡಿ, ಕಿವಿಗೊಟ್ಟ. ಬೋಗುಣಿಯಲ್ಲಿ ಟಪ್ ಎಂದಿತು. ಅದೇ ಸದ್ದು, ಅದೇ ಲೆಕ್ಕ. ಕೈ ತೊಳೆಯಲು ಒಳಗೆ ಹೋದ.

ಸೋಮವಾರ ಬೆಳಿಗ್ಗೆ ಕ್ವಾರಿಯ ತಳದಲ್ಲಿ ಅಣ್ಣನ ಹೆಣ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಇನ್ಸ್‌ಪೆಕ್ಟರ್ ಬಂದ. ಅಣ್ಣ ತಮ್ಮಂದಿರಿಗೆ ಮಾತುಕತೆ ಇರಲಿಲ್ಲವೆಂದು ಯಾರೋ ಅವನ ಕಿವಿಗೆ ಹಾಕಿದ್ದರು. ತಮ್ಮ ಅವನನ್ನು ಶೆಡ್ಡಿಗೆ ಕರೆದೊಯ್ದ.

"ನೀವೇ ನೋಡಿ ಸಾರ್. ನನ್ನ ಹೆಂಡ್ತಿ ಹೋದಾಗಿಂದ ಇದನ್ನ ಯಾರೂ ರಿಪೇರಿ ಮಾಡಿಲ್ಲ. ನೀರೇ ನಿಲ್ಲಲ್ಲ."

ಇನ್ಸ್‌ಪೆಕ್ಟರ್ ಹನಿ ಬೀಳುವುದನ್ನು ನೋಡಿ ತಲೆಯಾಡಿಸಿ ಬಾಗಿಲ ಕಡೆ ತಿರುಗಿದ. ಅತ್ತು ಅತ್ತು ಕಣ್ಣು ಬಾತಿದ್ದ ಅತ್ತಿಗೆ, ಕೈಗೆ ಏನಾದರೊಂದು ಕೆಲಸ ಬೇಕಾಗಿತ್ತೋ ಏನೋ, ದಿನದಂತೆ ಬಗ್ಗಿ ಬೋಗುಣಿ ಎಳೆದಳು. ಚೆಲ್ಲಲು ಎತ್ತಿದವಳು ಹಾಗೇ ನಿಂತಳು. "ನಿನ್ನೆ ಬೆಳಿಗ್ಗೆ ಚೆಲ್ಲಿದಾಗ ತುಕ್ಕು ಬಣ್ಣ ಇತ್ತಲ್ಲ ತಮ್ಮಾ," ಎಂದಳು, "ಈಗ ಯಾಕೆ ಹಸಿರು ಬರ್ತಿದೆ?"