ಸಮುದ್ರ ಕಂಡು ಬಂದ ಕೌದಿ

"ಈ ಹಸಿರು ತುಂಡು ಇದೆಯಲ್ಲ... ಇದು ಆಸ್ಪತ್ರೆ ಗೌನು!"

ಕೌದಿ ಪ್ರದರ್ಶನದ ಬಾಗಿಲಲ್ಲೇ ಅವಳು ನಿಂತುಬಿಟ್ಟಳು.

ಆ ಧ್ವನಿ ಅವನದು. ಮುಂದಿನ ತಿಂಗಳು ಅವಳ ಗಂಡನಾಗಲಿರುವ ಬಸ್ ಡ್ರೈವರನದು. 'ಗುಬ್ಬಿ, ಬೇಗ ಬಾ, ನಿನಗೊಂದು ಆಶ್ಚರ್ಯ ಇದೆ' ಎಂದು ಬೆಳಿಗ್ಗೆ ಫೋನ್ ಮಾಡಿದ್ದವನು!

ಗೋಡೆಯ ಮೇಲೆ, ಅವಳಿಗೆ ಹೇಳದೆಯೇ ಅವನು ತಂದು ಹಾಕಿದ್ದ ಅವಳ ಕೌದಿ ತೂಗುತ್ತಿತ್ತು. ಕಾಯಿಲೆ ಪೂರ್ತಿ ವಾಸಿಯಾಯಿತೆಂದು ಡಾಕ್ಟರು ಹೇಳಿದ ಮರುದಿನವೇ ಇಬ್ಬರೂ ಸಮುದ್ರ ನೋಡಲು ಹೋಗಿದ್ದರು. ದಾರಿಯಲ್ಲಿ ತಂಗಿದ್ದ ಕೋಣೆಯ ಹಳೇ ಪರದೆ, ಅವನ ಹರಿದ ಅಂಗಿ, ಅಲೆಗೆ ನೆನೆದ ಅವಳ ದುಪಟ್ಟಾ... ಆ ಖುಷಿಯನ್ನೆಲ್ಲ ಕೂಡಿಸಿ, ತಮ್ಮಿಬ್ಬರಿಗಷ್ಟೇ ಎಂದು ಹೊಲಿದ ಕೌದಿ ಅದು.

"ಕೂದಲೆಲ್ಲ ಉದುರಿತ್ತು. ಉಳಿಯೋದೇ ಕಷ್ಟ ಅಂದಿದ್ರು..." ಅವನು ಕೌದಿಯ ಮೇಲೆ ಕೈಯಾಡಿಸುತ್ತಾ ಸುತ್ತಲಿದ್ದವರಿಗೆ ಹೇಳುತ್ತಲೇ ಇದ್ದ.

"ಅಯ್ಯೋ ಪಾಪ!"

ಹಾಗೆಂದವರು ಅವಳು ಕೆಲಸ ಮಾಡುವ ಹೊಲಿಗೆ ಅಂಗಡಿಯ ಒಡತಿ. ಚಿಕಿತ್ಸೆಯ ದಿನಗಳಲ್ಲಿ, ದೊಡ್ಡಮ್ಮನ ಆರೈಕೆಗೆ ಹೋಗುತ್ತೇನೆಂದು ಅವರಿಗೆ ಸುಳ್ಳು ಹೇಳಿ ಅವಳು ರಜೆ ಹಾಕಿದ್ದಳು. ಯಾರ ಕಣ್ಣಲ್ಲೂ ಆ 'ಪಾಪ' ಕಾಣಬಾರದೆಂದೇ!

ಅವಳು ನೇರ ಹೋಗಿ ಕೌದಿಯನ್ನು ಎಳೆದಳು. ಒಂದು ಮೂಲೆ ಪರ್ರೆಂದು ಹರಿಯಿತು.

"ಗುಬ್ಬಿ! ಏನಾಯ್ತು?"

"ಯಾರನ್ನ ಕೇಳಿ ಹೇಳ್ದೆ?"

"ಎಲ್ಲರೂ ಎಷ್ಟು ಮೆಚ್ಕೊಂಡ್ರು ಗೊತ್ತಾ..."

"ನನ್ನ ಕೌದೀನಾ? ನನ್ನ ಕಾಯಿಲೇನಾ?"

ಅವಳು ಕೌದಿಯನ್ನು ಸುತ್ತಿ ಎತ್ತಿಕೊಂಡು ಹೊರಟಳು.

ಮರುದಿನ ಅಂಗಡಿಯಲ್ಲಿ ಒಡತಿ ಅವಳ ಕೈಯಿಂದ ಕತ್ತರಿ ಕಸಿದುಕೊಂಡರು. "ನೀನು ಸುಮ್ನೆ ಕೂತ್ಕೋ ಮಗಳೇ, ಆಯಾಸ ಆಗುತ್ತೆ."

ಹದಿನೆಂಟು ಲಂಗ ಕತ್ತರಿಸಿದರೂ ದಣಿಯದ ಕೈ ಅದು! ಅವಳಿಗೆ ಬಿಕ್ಕಿ ಅಳಬೇಕೆನಿಸಿತು. 'ಶತ್ರುವಾಗಿದ್ದರೆ ಸಹಿಸಬಹುದಿತ್ತು. ಇವನೇ... ನನ್ನವನೇ ಹೀಗೆ ಮಾಡಿದನಲ್ಲ!'

ಅವನು ದಿನವೂ ಮನೆಗೆ ಬಂದ. "ಮಲಗಿದ್ದಾಳೆ ಕಣಪ್ಪ" ಎಂದು ಅಕ್ಕ ದಿನವೂ ಸಾಗಹಾಕಿದಳು. ಕೊನೆಗೆ ಅಕ್ಕನಿಗೇ ಬೇಸರ ಬಂತು. "ಎಷ್ಟೂಂತ ಮಲಗ್ತೀಯೇ? ಬೇಡ ಅಂದ್ರೆ ಬೇಡ ಅಂತ ನೀನೇ ಹೇಳು!"

ಭಾನುವಾರ ಬೆಳಿಗ್ಗೆ ಅವಳೇ ಬಾಗಿಲು ತೆರೆದಳು. ಅವನ ಮುಖ ಬಾಡಿಹೋಗಿತ್ತು.

"ನಂಗೆ ಒಳ್ಳೇದಾಗ್ಲಿ ಅಂತ ಮಾಡ್ದೆ ಅಂತೀಯಾ?" ಅವಳು ಕೇಳಿದಳು.

"ಇಲ್ಲ." ಅವನು ತಲೆತಗ್ಗಿಸಿದ. "ನನಗೋಸ್ಕರ ಮಾಡ್ದೆ."

ಅವಳು ಈ ಉತ್ತರವನ್ನು ನಿರೀಕ್ಷಿಸಿರಲಿಲ್ಲ.

"ಯಾರಿಗೂ ಹೇಳಬೇಡ ಅಂತ ನೀನು ಆಣೆ ಹಾಕಿಸ್ಕೊಂಡಿದ್ದೆ. ಅಮ್ಮನಿಗೂ ಹೇಳ್ಲಿಲ್ಲ. ನೀನು ಒಳಗಡೆ ಮಲಗಿದ್ದಾಗ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ನಡುಗ್ತಿದ್ದೆ... ಆಮೇಲೆ ಬಸ್ ಹತ್ತಿ ಪ್ರಯಾಣಿಕರ ಹತ್ರ ನಗ್ತಿದ್ದೆ. ಅವತ್ತು ಯಾರೋ 'ಇದೇನು' ಅಂತ ಕೇಳಿದ್ರು. ಒಂದು ಮಾತು ಹೇಳೋಣ ಅಂತ ಹೋದೆ... ನಿಲ್ಲಿಸೋಕೇ ಆಗ್ಲಿಲ್ಲ. ತಪ್ಪು ನಂದೇ. ನಿನ್ನ ಕಥೆ, ನಾನು ಹೇಳಬಾರದಿತ್ತು."

ಅವಳಿಗೆ ಆಗಷ್ಟೇ ಹೊಳೆಯಿತು. ಒಂದು ವರ್ಷವಿಡೀ ಅವನನ್ನು ಯಾರೂ 'ನೀನು ಹೇಗಿದ್ದೀಯ' ಎಂದು ಕೇಳಿರಲಿಲ್ಲ. ತಾನೂ ಸಹ...

ಹಾಗೆಂದು ಕೋಪ ಕರಗಿಹೋಯಿತೇ? ಇಲ್ಲ. ಅದು ಅಲ್ಲೇ ಇತ್ತು.

"ಅಳೋದಿದ್ರೆ ನನ್ನ ಹತ್ರ ಬರಬೇಕಿತ್ತು. ಊರ ಮುಂದಲ್ಲ."

"ಸಾಯೋ ಭಯ ನಿಂದು. ನಿನ್ನ ಹತ್ರಾನೇ ಬಂದು ಹೇಗೆ ಅಳ್ಲಿ?"

ಮೀಸೆ ಹೊತ್ತ ಗಂಡಸು ಹೊಸಿಲಾಚೆ ನಿಂತು ಮಗುವಿನಂತೆ ಬಿಕ್ಕತೊಡಗಿದ. ಅವಳು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೆಲ್ಲನೆ ಅವನ ಕೈ ಹಿಡಿದುಕೊಂಡಳು, ಅಷ್ಟೇ.

"ಇನ್ನೂ ಸಿಟ್ಟಿದೆ ನಂಗೆ," ಎಂದಳು.

"ಇರ್ಲಿ."

"ತುಂಬಾ ಇದೆ."

"ಇರ್ಲಿ ಗುಬ್ಬಿ..."

"ಅಳು ಮುಗೀತಾ?"

"ಇಲ್ಲ... ಇನ್ನೂ ಸುಮಾರಿದೆ."

"ಹಾಗಾದ್ರೆ ಒಳಗೆ ಬಾ. ನಿಂತ್ಕೊಂಡೇ ಎಷ್ಟೂಂತ ಅಳ್ತೀಯ?"